ಎರಡು ಸಲ ಉದ್ಘಾಟನೆಯಾದ ನೀರು

ಮೊನ್ನೆ ಕುಂದಾಪುರದ ಒಂದು ಸಭಾಭವನದಲ್ಲಿ ಅವರಿಗೆ ನುಡಿನಮನ. ಮಾತಾಡಿದವರು ಒಬ್ಬರಿಗಿಂತ ಒಬ್ಬರು ಮೇಲು. ಒಬ್ಬರು ಅವರನ್ನು ‘ಜಲಋಷಿ’ ಎಂದರು. ಇನ್ನೊಬ್ಬರು, ವಿಷವನ್ನು ಅಮೃತ ಮಾಡಿ ಬಡವರ ಬಾಯಿಗಿಟ್ಟ ಮಹಾನುಭಾವರು ಎಂದರು. ನನಗೆ ಒಳಗಿಂದ ನಗು ಎದ್ದು ಬಂತು. ಕೆಮ್ಮು ಬಂದವಳಂತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಸಹೋದ್ಯೋಗಿ ಮೊಣಕೈಯಿಂದ ತಿವಿದು, “ಎದುರಿಗೆ ಅವರ ಹೆಂಡತಿ ಇದ್ದಾರೆ ಮೇಡಂ” ಎಂದು ಪಿಸುಗುಟ್ಟಿದರು. ಆ ಹೆಂಗಸು ಅಳುತ್ತಿರಲಿಲ್ಲ. ಮಾತಾಡುವವರ ಬಾಯಿಯನ್ನೇ, ಅದರೊಳಗಿಂದ ಏನು ಬಿದ್ದೀತೋ ಎನ್ನುವಂತೆ ನೋಡುತ್ತಾ ಕುಳಿತಿದ್ದರು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಷ್ಟು ದಿನ ಅವರ ಬಗ್ಗೆ ಒಳ್ಳೆಯದನ್ನೇ ಆಡಿ ಊರಿನ ಬಾಯಿ ಸೋತಿದೆ. ಸತ್ತ ಮೇಲಾದರೂ ಒಬ್ಬರು ಇದ್ದದ್ದನ್ನು ಹೇಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಾಗುವುದೆಂದರೆ ಅವರಿಗೆ ಪ್ರಾಣ. ಆ ಸಂತೋಷವನ್ನು ನನ್ನ ಕೈಯಾರೆ ಕೊಡಲಾರೆ.

ನಾನು ಮೊದಲು ಅವರ ವಿದ್ಯಾರ್ಥಿನಿ, ಆಮೇಲೆ ಅದೇ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಅವರ ಕೈಕೆಳಗಿನ ಉಪನ್ಯಾಸಕಿ. ಬ್ರಹ್ಮಾವರದಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದು ಸ್ಟಾಫ್ ರೂಮಿನ ಬಾಗಿಲು ದಾಟಿದರೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಅವರ ಕೋಟು. ಮೈಮೇಲಿನ ರವಿಕೆಯೂ ಭಾರ ಎನಿಸುವ ಏಪ್ರಿಲಿನ ಸೆಕೆಯಲ್ಲಿ, ಫ್ಯಾನು ತಿರುಗದ ಮಧ್ಯಾಹ್ನದಲ್ಲೂ ಆ ಕೋಟು ಕೆಳಗಿಳಿಯುತ್ತಿರಲಿಲ್ಲ. ಯಾವ ಹೊತ್ತಿಗೆ ಯಾವ ಪತ್ರಿಕೆಯವರು ಫೋಟೋ ತೆಗೆಯಲು ಬಂದಾರು ಎಂದು ಹೇಳಲಾಗದಲ್ಲ!

ಬಣ್ಣ ಇರುವ ಪಾಠಗಳನ್ನು ಮಾತ್ರ ಅವರು ಮಾಡುತ್ತಿದ್ದರು. ನೀಲಿ ಹೋಗಿ ಹಸಿರಾಗಬೇಕು, ಕೆಂಪು ಹೋಗಿ ಬಿಳಿಯಾಗಬೇಕು, ಹುಡುಗರು “ಓ” ಎನ್ನಬೇಕು. ಬಣ್ಣ ಬದಲಾಗದ ಪಾಠ ಬಂದರೆ “ಅದ್ ನೀವೇ ಓದ್ಕಣಿ” ಎಂದು ಪುಟ ಮಗುಚುತ್ತಿದ್ದರು. ಪೊಟ್ಯಾಸಿಯಂ ಪರ್ಮಾಂಗನೇಟ್ ಅವರ ಪರಮಪ್ರಿಯ ವಸ್ತು. ಒಂದು ಹರಳು ನೀರಿಗೆ ಬಿಟ್ಟರೆ ಜಾಡಿಯೆಲ್ಲ ನೇರಳೆ. ಅದಕ್ಕೆ ಲಿಂಬೆಹಣ್ಣು ಹಿಂಡಿದರೆ ಬಣ್ಣ ಮಾಯ. ಮೊದಲ ವರ್ಷದ ಮಕ್ಕಳ ಎದುರು ವರ್ಷವರ್ಷವೂ ಇದೇ ಆಟ. ಹುಡುಗರು ಅವರಿಗೆ ಇಟ್ಟ ಹೆಸರು ‘ಬಣ್ಣದ ವೇಷ’. ಯಕ್ಷಗಾನದಲ್ಲಿ ಬಣ್ಣದ ವೇಷ, ಎಂದರೆ ರಾಕ್ಷಸ, ರಂಗಕ್ಕೆ ಬರುವಾಗ ಏನು ಅಬ್ಬರ, ಏನು ಆರ್ಭಟ! ಆಮೇಲೆ ಭೀಮನ ಕೈಯಲ್ಲಿ ಪೆಟ್ಟು ತಿಂದು ಹೋಗುತ್ತದೆ. ಇವರಿಗೆ ಭೀಮ ಮಾತ್ರ ಕೊನೆಯವರೆಗೂ ಸಿಗಲಿಲ್ಲ.

ಇನ್ನೊಂದು, ಅವರ ನಾಲಗೆ. ಯಾವ ನೀರನ್ನಾದರೂ ನಾಲಗೆಗೆ ಇಟ್ಟು ಅದು ಯಾವ ಊರಿನದು, ಅದರಲ್ಲಿ ಏನಿದೆ ಎಂದು ಹೇಳಬಲ್ಲೆ ಎನ್ನುತ್ತಿದ್ದರು. ತಲ್ಲೂರಿನ ನೀರು ಹೀಗೆ, ಬೈಂದೂರಿನದು ಹಾಗೆ. ಒಮ್ಮೆ ನಾವೆಲ್ಲ ಹೆದ್ದಾರಿಯ ಒಂದು ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದ ಮಾಲೀಕರು ತಾವೇ ಬಂದು ಉಪಚರಿಸುತ್ತಿದ್ದರು. ಇವರು ಲೋಟದಿಂದ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ನಾಲಗೆಯಿಂದ ಲೊಚಗುಟ್ಟಿ, “ಇದ್ ಹಾಲಾಡಿ ಬದಿ ನೀರ್. ಕಬ್ಬಿಣ ಇತ್ತ್” ಎಂದರು.

ಮಾಲೀಕರು ಮುಜುಗರದಿಂದ, “ಅಲ್ಲ ಸರ್, ಅದ್ ಬಾಟ್ಲಿ ನೀರ್. ಬಾವಿದ್ ಕೆಂಪ್ ಬತ್ತ್ ಅಂದ್ ಬಾಟ್ಲಿದೇ ಹೊಯ್ಯುದ್” ಎಂದರು.

ಬೇರೆಯವರಾದರೆ ನಕ್ಕು ಬಿಡುತ್ತಿದ್ದರು. ಇವರ ಮುಖದ ಒಂದು ನರವೂ ಅಲುಗಲಿಲ್ಲ. “ಬಾಟ್ಲಿಯವ್ರ್ ಹಾಲಾಡಿಯಂಗೇ ತುಂಬ್ಸದ್. ಅಷ್ಟೇ ವಿಷಯ” ಎಂದು ಅನ್ನಕ್ಕೆ ಸಾರು ಹಾಕಿಸಿಕೊಂಡರು. ‘ಅಷ್ಟೇ ವಿಷಯ’ ಎಂದರೆ ಇನ್ನು ಯಾರೂ ಮಾತಾಡಬಾರದು ಎಂದು ಅರ್ಥ. ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ‘ನನಗೆ ಗೊತ್ತಿಲ್ಲ’ ಎಂಬ ಮಾತನ್ನಾಗಲಿ, ‘ತಪ್ಪಾಯಿತು’ ಎಂಬ ಮಾತನ್ನಾಗಲಿ ನಾನು ಕೇಳಿದ್ದಿಲ್ಲ.

ಇಂಥವರ ಕೈಗೆ ಒಂದು ದಿನ ಆರ್ಸೆನಿಕ್ ಸಿಕ್ಕಿತು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

ಗಂಗೊಳ್ಳಿಯ ಕಡೆ, ನದಿ ಸಮುದ್ರಕ್ಕೆ ಸೇರುವಲ್ಲಿಂದ ಸ್ವಲ್ಪ ಒಳಗೆ, ಒಂದು ಕೇರಿ. ಅದರ ಹೆಸರನ್ನೂ ಬರೆಯುವುದಿಲ್ಲ, ಅಲ್ಲಿನ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರಬೇಕು. ಸುತ್ತಲಿನ ಬಾವಿಗಳೆಲ್ಲ ಉಪ್ಪು. ಒಂದೇ ಒಂದು ಬಾವಿಯ ನೀರು ಸಿಹಿ, ಕೇರಿಗೆಲ್ಲ ಅದೇ. ಆ ಬಾವಿಯ ಪಕ್ಕದಲ್ಲಿ ಹಿಂದೆ ಒಂದು ಶೆಡ್ಡಿತ್ತು. ದೋಣಿ ಕಟ್ಟುವ ಹಲಗೆಗಳನ್ನು ಸಮುದ್ರದ ಹುಳ ಕೊರೆಯದಂತೆ ಅಲ್ಲಿ ಒಂದು ಹಸಿರು ದ್ರಾವಣದಲ್ಲಿ ನೆನೆಸಿಡುತ್ತಿದ್ದರು. ದ್ರಾವಣದಲ್ಲಿ ತಾಮ್ರ, ಕ್ರೋಮಿಯಂ, ಅವುಗಳ ಜೊತೆ ಆರ್ಸೆನಿಕ್. ಮಿಕ್ಕಿದ್ದನ್ನು ಅಲ್ಲೇ ನೆಲಕ್ಕೆ ಚೆಲ್ಲುತ್ತಿದ್ದರು. ಫೈಬರ್ ದೋಣಿಗಳು ಬಂದ ಮೇಲೆ ಶೆಡ್ಡು ಮುಚ್ಚಿತು, ಹಂಚಿನ ಮಾಡು ಕುಸಿಯಿತು, ಅದರ ಮೇಲೆ ಹುಲ್ಲು ಬೆಳೆಯಿತು. ನೆಲ ಮಾತ್ರ ಕುಡಿದದ್ದನ್ನು ಮರೆಯಲಿಲ್ಲ. ಪಕ್ಕದಲ್ಲಿ ಐಸ್ ಪ್ಲಾಂಟ್ ಹಾಕಲು ಬಂದವರು ಬಾವಿಯ ನೀರನ್ನು ಮಂಗಳೂರಿನ ಲ್ಯಾಬಿಗೆ ಕಳಿಸಿದಾಗ ಸಂಗತಿ ಹೊರಬಿತ್ತು. ಅವರು ಬೇರೆ ಜಾಗ ನೋಡಿಕೊಂಡರು. ಕೇರಿಯವರು ಎಲ್ಲಿಗೆ ಹೋಗುತ್ತಾರೆ? ವಾರಕ್ಕೊಮ್ಮೆ ಬರುವ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡತೊಡಗಿದರು.

ಇವರು ಬಾವಿಯ ಹತ್ತಿರ ಹೋಗುವ ಮೊದಲು ಪತ್ರಿಕೆಯ ವರದಿಗಾರನ ಹತ್ತಿರ ಹೋದರು. ಮರುದಿನ ಪೇಪರಿನಲ್ಲಿ ಕೋಟು ಹಾಕಿದ ಫೋಟೋ, ‘ರಾಸಾಯನಿಕ ಉತ್ಕರ್ಷಣೆಯಿಂದ ವಿಷಮುಕ್ತಿ ಸಾಧ್ಯ’ ಎಂಬ ತಲೆಬರಹ. ಒಂದು ಸೇವಾಸಂಸ್ಥೆಯವರು ದುಡ್ಡು ಕೊಡಲು ಮುಂದೆ ಬಂದರು. ಮಳೆಗಾಲ ಮುಗಿಯುವಷ್ಟರಲ್ಲಿ ಬಾವಿಕಟ್ಟೆಯ ಪಕ್ಕ ನೀಲಿ ಬಣ್ಣದ ದೊಡ್ಡ ಟ್ಯಾಂಕ್ ನಿಂತಿತು. ಪಂಪು ನೀರನ್ನು ಮೇಲೆತ್ತುತ್ತದೆ, ಟ್ಯಾಂಕಿಗೆ ಪರ್ಮಾಂಗನೇಟ್ ಬೀಳುತ್ತದೆ, ಕೆಳಗೆ ನಲ್ಲಿಯಲ್ಲಿ ನೀರು ಬರುತ್ತದೆ. ಮುಗಿಯಿತು.

ಅಲ್ಲೇ ಇತ್ತು ಎಡವಟ್ಟು. ಗಾಳಿ ಸಿಗದ ಬಾವಿಯ ಕೆಸರಿನಲ್ಲಿ ಆರ್ಸೆನಿಕ್ ಜಾರುವ ರೂಪದಲ್ಲಿರುತ್ತದೆ, ಸೋಸಿದರೂ ಕೈಗೆ ಸಿಗುವುದಿಲ್ಲ. ಉತ್ಕರ್ಷಣೆ ಮಾಡಿದರೆ, ಎಂದರೆ ಆಮ್ಲಜನಕ ಹತ್ತಿಸಿದರೆ, ಅದರ ರೂಪ ಬದಲಾಗಿ ಅಂಟಿಕೊಳ್ಳುವ ಗುಣ ಬರುತ್ತದೆ. ಇದು ನಿಜ. ಆದರೆ ಅಂಟಿಕೊಳ್ಳಲು ಏನಾದರೂ ಬೇಕಲ್ಲ? ನೀರಿಗೆ ಕಬ್ಬಿಣದ ಲವಣ ಹಾಕಿ ಗಸಿ ಎಬ್ಬಿಸಬೇಕು, ವಿಷ ಆ ಗಸಿಗೆ ಹತ್ತಿಕೊಳ್ಳಬೇಕು, ಗಸಿಯನ್ನು ಮರಳಿನಲ್ಲಿ ಸೋಸಿ ತೆಗೆಯಬೇಕು. ಮೊದಲ ಹೆಜ್ಜೆಯಲ್ಲೇ ನಿಂತರೆ ವಿಷದ ರೂಪವಷ್ಟೇ ಬದಲು, ವಿಷ ಲೋಟದಲ್ಲೇ. ಬಲೆ ಕಟ್ಟದೆ ಮೀನು ಅಟ್ಟಿದ ಹಾಗೆ.

ಉದ್ಘಾಟನೆಗೆ ಮೊದಲೇ ಕೇಳಿದೆ: “ಸರ್, ಸೋಸುವ ಟ್ಯಾಂಕ್ ಎಲ್ಲಿ?”

“ಅದೆಂತಕೆ?”

“ಉತ್ಕರ್ಷಣೆ ಮಾಡಿದರೆ ಆರ್ಸೆನಿಕ್ ಹೋಗುವುದಿಲ್ಲ ಸರ್. ಹಿಡಿಯುವುದಕ್ಕೆ ಸುಲಭ ಆಗುತ್ತದೆ ಅಷ್ಟೆ.”

ಅವರು ನನ್ನನ್ನು, ಪರೀಕ್ಷೆಯಲ್ಲಿ ಪ್ರಶ್ನೆಯನ್ನೇ ತಪ್ಪು ಓದಿದ ಹುಡುಗಿಯನ್ನು ನೋಡುವ ಹಾಗೆ ನೋಡಿದರು. “ನಿಂಗೆ ನಾನೇ ಅಲ್ದಾ ಪಾಠ ಮಾಡದ್? ಗಸಿ, ಮರಳ್, ಅದೆಲ್ಲ ಕೆಸರ್ ಕೆಲ್ಸ. ಜನ ನಲ್ಲಿ ತಿರ್ಗ್ಸಿರೆ ಚಂದ ನೀರ್ ಬರ್ಕ್. ಅಷ್ಟೇ ವಿಷಯ.”

ಕೆಸರಿನ ಫೋಟೋ ಯಾರೂ ಪೇಪರಿನಲ್ಲಿ ಹಾಕುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಉದ್ಘಾಟನೆ ನೋಡಬೇಕಿತ್ತು. ಶಾಮಿಯಾನ, ಮೈಕು, ಚೆಂಡೆಯೊಂದು ಬಾಕಿ. ಇವರು ವೇದಿಕೆಯ ಮೇಲೆ ಗಾಜಿನ ಜಾಡಿಯಿಟ್ಟು ನೀರನ್ನು ನೇರಳೆ ಮಾಡಿದರು. “ಕಾಣಿ, ಇದು ವಿಷ!” ಎಂದರು. ಆಮೇಲೆ ಲಿಂಬೆಹಣ್ಣು ಹಿಂಡಿದರು. ಬಣ್ಣ ಮಾಯ. ಕೇರಿಯ ಜನ ಚಪ್ಪಾಳೆ ತಟ್ಟಿದರು, ಮುಖ್ಯ ಅತಿಥಿಗಳು ಎದ್ದು ಕೈಕುಲುಕಿದರು. ನೇರಳೆ ಬಣ್ಣ ಇವರೇ ಹಾಕಿದ್ದು, ಅದಕ್ಕೂ ವಿಷಕ್ಕೂ ಸಂಬಂಧವೇ ಇಲ್ಲ ಎಂದು ಅಲ್ಲಿದ್ದ ಯಾರಿಗೆ ತಿಳಿಯಬೇಕು? ಕೊನೆಗೆ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು, ಎತ್ತರಕ್ಕೆ ಎತ್ತಿ ತೋರಿಸಿ, ಎಲ್ಲರೆದುರು ಗಟಗಟ ಕುಡಿದರು. ಕ್ಯಾಮೆರಾಗಳು ಮಿಂಚಿದವು. ಒಬ್ಬ ಫೋಟೋದವನು ತಡವಾಗಿ ಬಂದನೆಂದು ಇನ್ನೊಂದು ಲೋಟ ಕುಡಿದರು.

ಆ ದಿನದಿಂದ ಕೇರಿಯವರು ಟ್ಯಾಂಕರಿನ ಹಿಂದೆ ಓಡುವುದನ್ನು ಬಿಟ್ಟರು. ನನ್ನ ಸಿಟ್ಟೆಲ್ಲ ಇರುವುದು ಇಲ್ಲಿಯೇ. ಇವರು ಏನೂ ಮಾಡದೆ ಮನೆಯಲ್ಲಿ ಕುಳಿತಿದ್ದರೆ ಆ ಜನ ಆ ಬಾವಿಯನ್ನು ಮುಟ್ಟುತ್ತಿರಲಿಲ್ಲ. ಇವರು ಉದ್ಧಾರ ಮಾಡಿದ್ದರಿಂದಲೇ ಮತ್ತೆ ಅದನ್ನು ಕುಡಿಯತೊಡಗಿದರು, ಮಕ್ಕಳ ಬಾಟಲಿಗೂ ತುಂಬಿ ಶಾಲೆಗೆ ಕಳಿಸತೊಡಗಿದರು.

ಕೆಲವು ವಾರ ಬಿಟ್ಟು ನಾನೇ ಹೋಗಿ ನಲ್ಲಿಯ ನೀರು ತುಂಬಿಕೊಂಡು ಲ್ಯಾಬಿಗೆ ಕಳಿಸಿದೆ. ಬಾವಿಯ ನೀರಲ್ಲಿ ಮೊದಲೇ ಇದ್ದ ಅಷ್ಟಿಷ್ಟು ಕಬ್ಬಿಣಕ್ಕೆ ಹತ್ತಿಕೊಂಡು ಒಂದು ಪಾಲು ಆರ್ಸೆನಿಕ್ ಇಳಿದಿತ್ತು. ಉಳಿದದ್ದು ಹಾಗೆಯೇ ಇತ್ತು. ಕುಡಿಯಲು ಯೋಗ್ಯವಲ್ಲ ಎಂದು ಬರೆದಿದ್ದರು. ತಂದು ಅವರ ಮೇಜಿನ ಮೇಲಿಟ್ಟೆ. ಕನ್ನಡಕ ಏರಿಸಿ ನೋಡಿದರು. ತುಂಬ ಹೊತ್ತು ನೋಡಿದರು.

“ಇಳ್ದಿತ್ತಲ್ಲ!” ಎಂದರು.

“ಸರ್, ತಲೆಯ ಮೇಲಿದ್ದ ನೀರು ಮೂಗಿನವರೆಗೆ ಇಳಿದರೂ ಮುಳುಗುವವ ಮುಳುಗುತ್ತಾನೆ.”

“ಲ್ಯಾಬಿನವ್ರ್ ತಪ್ಪ್ ಮಾಡಿರ್. ನಾನ್ ಕುಡ್ದ್ ಕಂಡಿದೆ. ನನ್ ನಾಲ್ಗೆಗ್ ಎಂತದೂ ತಾಗ್ಲಿಲ್ಲ.”

“ಆರ್ಸೆನಿಕ್‌ಗೆ ರುಚಿ ಇಲ್ಲ ಸರ್!”

ಅವರು ಎದ್ದು ಕೋಟಿನ ಗುಂಡಿ ಹಾಕಿಕೊಂಡರು. “ನೀನ್ ಇದನ್ನ್ ಹೊರ್ಗೆ ಹೇಳಿರೆ ಜನ ಹೆದ್ರತ್ರ್. ಕಾಲೇಜಿನ್ ಮರ್ಯಾದಿ ಹೋತ್ತ್.” ಅಂದು ‘ಅಷ್ಟೇ ವಿಷಯ’ ಎನ್ನಲಿಲ್ಲ ಎಂದು ಆಮೇಲೆ ನೆನಪಾಯಿತು. ಆ ಕ್ಷಣಕ್ಕಂತೂ, ಈ ಮನುಷ್ಯ ಕಳ್ಳ, ಗೊತ್ತಿದ್ದೂ ಗೊತ್ತಿದ್ದೂ ಜನರಿಗೆ ವಿಷ ಕುಡಿಸುತ್ತಿದ್ದಾನೆ ಎಂದು ನಿಶ್ಚಯ ಮಾಡಿಕೊಂಡೆ.

ಅದೇ ಸಂಜೆ ಕೇರಿಗೆ ಹೋದೆ. ಆ ಕೇರಿಯಲ್ಲಿ ಮುತ್ತಕ್ಕ ಎಂಬ ಹೆಂಗಸು, ಮೀನು ಮಾರುವವರು. ಮಾತು ಜೋರು, ನಗು ಅದಕ್ಕಿಂತ ಜೋರು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಬುಟ್ಟಿ ತೊಳೆಯುತ್ತಿದ್ದರು, ಅದೇ ನಲ್ಲಿಯ ನೀರಿನಲ್ಲಿ.

“ಮುತ್ತಕ್ಕ, ಆ ನೀರು ಕುಡಿಯಬೇಡಿ. ವಿಷ ಹೋಗಿಲ್ಲ.”

“ಮತ್ತೆಂತ ಕುಡುದ್ ಟೀಚ್ರೆ, ಸಮುದ್ರವಾ?” ಎಂದು ನಕ್ಕರು. ನಾನು ನಗದೆ ಇದ್ದುದನ್ನು ಕಂಡು ಬುಟ್ಟಿ ಕೆಳಗಿಟ್ಟರು. “ಸರ್ ಎಲ್ಲರೆದ್ರ್ ಕುಡ್ದ್ ತೋರ್ಸಿರಲೆ?”

“ಅವರು ಕುಡಿದದ್ದು ಎರಡು ಲೋಟ. ನೀವು ಕುಡಿಯುವುದು ದಿನಾ.”

ಮುತ್ತಕ್ಕ ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದರು. ಅಂಗೈ ತುಂಬ ಜೋಳದ ಕಾಳಿನಂಥ ಗಟ್ಟಿ ಆಣಿಗಳು. “ಇದ್ ಐಸಿನ್ ಬುಟ್ಟಿ ಹೊತ್ತ್ ಹೊತ್ತ್ ಆದ್ದ್ ಅಂದ್ ಮಾಡಿದೆ. ನನ್ನ್ ಸೊಸಿ ಐಸ್ ಮುಟ್ಟುದಿಲ್ಲ, ಬೀಡಿ ಕಟ್ಟುದ್. ಅವ್ಳ್ ಕೈಯಂಗೂ ಇತ್ತ್.”

ಅದು ವರ್ಷಗಟ್ಟಲೆ ಆರ್ಸೆನಿಕ್ ನೀರು ಕುಡಿದವರ ಗುರುತು ಎಂದು ಪುಸ್ತಕದಲ್ಲಿ ಓದಿದ್ದೆ, ಕೈಯ ಮೇಲೆ ನೋಡಿದ್ದು ಅದೇ ಮೊದಲು. ನಾಳೆಯೇ ನೀವು ಡಾಕ್ಟರ ಹತ್ತಿರ ಹೋಗಿ, ನಾನು ಅಧಿಕಾರಿಗಳಿಗೆ ಅರ್ಜಿ ಕೊಡುತ್ತೇನೆ, ಪೇಪರಿನವರಿಗೆ ಹೇಳುತ್ತೇನೆ, ಆ ಮನುಷ್ಯನ ಮಾನ ಹರಾಜು ಹಾಕುತ್ತೇನೆ ಎಂದು ಕೂಗಾಡಿದೆ.

ಮುತ್ತಕ್ಕ ನನ್ನನ್ನು ಕೂಗಲು ಬಿಟ್ಟರು. ಆಮೇಲೆ, “ಮಾನ ತೆಗ್ದ್ರೆ ನಮ್ಗ್ ನೀರ್ ಸಿಕ್ಕತ್ತಾ?” ಎಂದು ಕೇಳಿದರು. “ಅವ್ರ್ ಮೇಲ್ ಬಿದ್ರೆ ಇದ್ದ್ ಟ್ಯಾಂಕಿಯೂ ಹೋತ್ತ್. ಈಗ ಇನ್ನೂ ಎಂತ ಆಯ್ಕ್?”

“ಇನ್ನೊಂದು ಟ್ಯಾಂಕ್ ಬೇಕು. ಸೋಸುವುದಕ್ಕೆ.”

“ಅಷ್ಟೆಯಾ! ಅವ್ರ್ ನನ್ನ್ ಹತ್ರವೇ ಮೀನ್ ತಕಂಬುದ್. ನಿನ್ನಿ ಬಂಗ್ಡಿನ ಅವ್ರಿಗ್ ಮಾರುದ್ ಹ್ಯಾಂಗಂದ್ ನಂಗ್ ಗೊತ್ತಿತ್ತ್. ‘ಬೇರೆ ಯಾರಿಗೂ ಕೊಡ್ದೆ ನಿಮ್ಗೇ ತೆಗ್ದಿಟ್ಟದ್ ಸರ್’ ಅಂದ್ರೆ ಸೈ.”

ಮರುದಿನದಿಂದಲೇ ಕೇರಿಯ ಹೆಂಗಸರು ಇವರಿಗೆ ಸುಳಿವು ಕೊಡದೆ ಆ ನಲ್ಲಿಯ ನೀರು ಕುಡಿಯುವುದನ್ನು ಬಿಟ್ಟು ಮತ್ತೆ ಟ್ಯಾಂಕರಿಗೆ ಕೊಡ ಇಟ್ಟರು. ಅದೇ ವಾರ ಮುತ್ತಕ್ಕ ಇನ್ನಿಬ್ಬರನ್ನು ಕರೆದುಕೊಂಡು, ಒಗೆದ ಸೀರೆಯುಟ್ಟು ಕಾಲೇಜಿಗೆ ಬಂದರು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೈಮುಗಿದರು.

“ಹ್ವಾಯ್ ಸರ್, ನಿಮ್ ಟ್ಯಾಂಕಿ ಭಾರೀ ಲಾಯ್ಕ್ ಇತ್ತ್. ಆರೆ ಒಂದೇ ಇಪ್ಪುದ್ ಕಾಂಬುಕ್ ಬೋಳ್ ಬೋಳ್. ಮೊನ್ನೆ ಯಾರೋ ಒಬ್ರ್ ಇಂಜಿನಿಯರ್ ಬಂದಿರ್. ಇದ್ ಅರ್ಧ ಕೆಲ್ಸ, ನಾನ್ ಇದ್ರ್ ಬದಿಯಂಗೆ ಇನ್ನೊಂದ್ ಕಟ್ಟಿ ಪೂರ್ತಿ ಮಾಡಿ ಕೊಡ್ತೆ ಅಂದ್ರ್. ಅವ್ರ್ ಹೆಸ್ರಂಗೆ ಇನ್ನೊಂದ್ ಸಲ ಉದ್ಘಾಟ್ನಿ ಮಾಡ್ಕಂಬ್ರ್. ನಾವ್ ಹೇಳ್ದ್, ಸರ್ ಹತ್ರ ಒಂದ್ ಮಾತ್ ಕೇಣ್ದೆ ಆಪುದಲ್ಲ ಅಂದ್.”

ಅಂಥ ಇಂಜಿನಿಯರೇ ಇರಲಿಲ್ಲ. ನಾನು ಉತ್ತರಪತ್ರಿಕೆಗಳ ಕಟ್ಟಿನ ಹಿಂದೆ ಮುಖ ಮರೆಸಿಕೊಂಡೆ.

ಅವರ ಮುಖದ ಬಣ್ಣ ಪರ್ಮಾಂಗನೇಟ್ ಬಿದ್ದ ನೀರಿನಂತೆ ಏರಿತು. “ಯಾರಂಬ್ರ್ ಅದ್? ಎರಡ್ನೇ ಟ್ಯಾಂಕಿ ಮೊದ್ಲಿಂದ್ಲೂ ನನ್ನ್ ಪ್ಲಾನಂಗೇ ಇತ್ತ್! ಇವ್ಳ್ ಹತ್ರ ಕೇಣಿ ಬೇಕಾರೆ” ಎಂದು ನನ್ನ ಕಡೆ ಕೈ ತೋರಿಸಿದರು.

ಮುತ್ತಕ್ಕ ನನ್ನನ್ನು ನೋಡಿದರು. ನಾನು ತಲೆ ಅಲ್ಲಾಡಿಸಿದೆ. “ಹೌದು, ಸರ್ ಪ್ಲಾನಿನಲ್ಲೇ ಇತ್ತು” ಎಂದೆ. ಆ ಸುಳ್ಳನ್ನು ನೆನೆದು ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಆಮೇಲೆ ನೋಡಿ ಅವಸರ! ಇಲ್ಲದ ಇಂಜಿನಿಯರು ಎಲ್ಲಿ ಮೊದಲೇ ಬಂದು ಕಟ್ಟಿಬಿಡುತ್ತಾನೋ ಎಂಬ ಭಯದಲ್ಲಿ ಕೆಲಸ ಓಡಿತು. ಅದೇ ಸೇವಾಸಂಸ್ಥೆಯವರನ್ನು ಹಿಡಿದು ಎರಡನೇ ಟ್ಯಾಂಕು, ಮರಳಿನ ತೊಟ್ಟಿ ಎಲ್ಲ ಮಾಡಿಸಿದರು. ಕಬ್ಬಿಣದ ಲವಣ ಎಷ್ಟು ಹಾಕಬೇಕು ಎಂದು ಪ್ರಯೋಗಾಲಯದ ಬೀಕರುಗಳಲ್ಲಿ ಮಾಡಿ ಮಾಡಿ ನೋಡಿದವಳು ನಾನು. ಒಂದು ದಿನವೂ ಅವರು ಆ ಕಡೆ ಸುಳಿಯಲಿಲ್ಲ, ಗಸಿಗೆ ಅವರ ಪ್ರಕಾರ ಕೆಟ್ಟ ಬಣ್ಣ. ನೀರು ಸೋಸಿ ಬಂತು. ಈ ಸಲ ಎರಡೆರಡು ಕಡೆ ಪರೀಕ್ಷೆ ಮಾಡಿಸಿದೆ. ಕುಡಿಯಬಹುದು ಎಂದು ಬಂತು. ಮರಳಿನ ಮೇಲೆ ನಿಂತ ಕೆಂಪು ಗಸಿಯನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ ಅವರ ಪರಿಹಾರ, “ಹೊಳಿಗ್ ಬಿಡಿ.” ಹಾಗೆ ಮಾಡಿದರೆ ಹೊಳೆಯ ಮೀನಿಗೆ ಹೋಗಿ ನಿಮ್ಮ ತಟ್ಟೆಗೇ ಬರುತ್ತದೆ ಎಂದು ಹೇಳಿ, ಗಸಿಯನ್ನು ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿಸಿದೆ. ಆ ದಿಮ್ಮಿ ಚೌಕವಾಗಿ, ನೋಡಲು ಚೆನ್ನಾಗಿದೆ ಎಂದು ಅವರು ತಮ್ಮ ಹೆಸರಿನ ಎರಡನೇ ಶಿಲಾಫಲಕವನ್ನು ಅದರ ಮೇಲೆಯೇ ಕೂರಿಸಿದರು. ಒಳಗೆ ಏನಿದೆ ಎಂದು ಗೊತ್ತಿದ್ದೂ ಕೂರಿಸಿದರು. ಕಲ್ಲು ನೇರ ನಿಂತರೆ ಸಾಕಿತ್ತು.

ಎರಡನೇ ಉದ್ಘಾಟನೆಯಲ್ಲಿ ಅದೇ ಕೋಟು, ಅದೇ ಜಾಡಿ, ಅದೇ ಲಿಂಬೆಹಣ್ಣು. ‘ನನ್ನ ಎರಡು ಹಂತದ ಸಿದ್ಧಾಂತ’ ಎಂದು ಅರ್ಧ ತಾಸು ಮಾತಾಡಿದರು. “ನಮ್ಮ ವಿಭಾಗದ ಹುಡುಗಿಯರೂ ಸಹಕರಿಸಿದ್ದಾರೆ” ಎಂದು ಒಂದು ವಾಕ್ಯದಲ್ಲಿ ನನ್ನನ್ನು ಮುಗಿಸಿದರು. ಹೋಗಲಿ, ಅದಕ್ಕೆ ನನ್ನ ತಕರಾರಿಲ್ಲ. ಮುತ್ತಕ್ಕ ಮೊದಲ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು, ಆಣಿ ಬಿದ್ದ ಆ ಕೈಗಳಿಂದ. ಕೆಟ್ಟ ನೀರು ನಿಲ್ಲಿಸುವುದೇ ದೊಡ್ಡ ಔಷಧಿ ಎಂದು ಡಾಕ್ಟರು ಹೇಳಿದ್ದರು. ಸೊಸೆಯ ಕೈ ನಿಧಾನ ಸರಿಯಾಯಿತು. ಮುತ್ತಕ್ಕನದು ಪೂರ್ತಿ ಹೋಗಲಿಲ್ಲ, ಡಾಕ್ಟರು ಇಂದಿಗೂ ವರ್ಷವರ್ಷ ಕರೆದು ನೋಡುತ್ತಾರೆ. ಎರಡು ಉದ್ಘಾಟನೆಗಳ ನಡುವೆ ಆ ಕೇರಿ ನಂಬಿ ಕುಡಿದ ಕೊಡಗಳ ಲೆಕ್ಕವನ್ನು ಯಾವ ಶಿಲಾಫಲಕದಲ್ಲೂ ಕೆತ್ತಿಲ್ಲ.

ಅವರು ನಿವೃತ್ತರಾದರು, ಸನ್ಮಾನಗಳು ನಡೆದವು, ಊರೂರಿನಲ್ಲಿ ನೀರಿನ ಬಗ್ಗೆ ಭಾಷಣ ಮಾಡಿದರು. ಸತ್ತದ್ದು ಹೃದಯಾಘಾತದಿಂದ. ನೀರಿಗೂ ಅದಕ್ಕೂ ಗಂಟು ಹಾಕಿ ಅವರನ್ನು ಹುತಾತ್ಮ ಮಾಡುವ ಆಸೆ ನನಗಿಲ್ಲ.

ನುಡಿನಮನ ಮುಗಿದ ಮೇಲೆ ಶಿಷ್ಟಾಚಾರಕ್ಕೆಂದು ಅವರ ಮನೆಗೆ ಹೋದೆ. ಅವರ ಹೆಂಡತಿ ಬೈಂದೂರು ಕಡೆಯವರು, ಹೆಚ್ಚು ಮಾತಿಲ್ಲದವರು. ಚಾ ಕೊಟ್ಟು ಎದುರಿಗೆ ಕುಳಿತರು. ಸಭ್ಯತೆಗೆ ಒಂದು ಮಾತಾಡಬೇಕಲ್ಲ, “ಸರ್ ನೀರಿಗಾಗಿ ತುಂಬ ಓಡಾಡಿದರು” ಎಂದೆ.

“ಓಡಾಡದ್ ಹೌದ್” ಎಂದರು ಅವರು. “ಮೊದ್ಲ್ ಟ್ಯಾಂಕಿ ಆದ್ ದಿನದಿಂದ ಸ್ಕೂಟರಂಗೆ ದಿನಾ ಒಂದ್ ಕ್ಯಾನ್ ಅದೇ ನೀರ್ ತಕಂಡ್ ಬತ್ತಿದ್ರ್. ಊರಿಗ್ ಕುಡ್ಸದ್ದನ್ನ್ ನಾವೂ ಕುಡಿಕ್ ಅಂಬ್ರ್.”

ಚಾ ಲೋಟ ಕೆಳಗಿಟ್ಟೆ. “ದಿನಾ?”

“ಎರಡ್ನೇ ಟ್ಯಾಂಕಿ ಆಪಲ್ವರಿಗೂ. ನೀನ್ ಅದೆಂತದೋ ಲ್ಯಾಬಿಂದ್ ತಂದ್ ತೋರ್ಸದ್ ದಿನ ಮನಿಗ್ ಬಂದ್ ಸುಮ್ನೆ ಕೂತ್ರ್. ಊಟ ಬ್ಯಾಡ ಅಂದ್ರ್. ಆಮೇಲ್ ಒಂದ್ ಲೋಟ ಆ ನೀರ್ ಹಿಡ್ಕಂಡ್ ಕಣ್ಣ್ ಮುಚ್ಚಿ ಕುಡುದ್. ಮತ್ತೆ ಇನ್ನೊಂದ್ ಗುಟ್ಕ್. ಎಂತಾರೂ ರುಚಿ ಸಿಕ್ಕತ್ತಾ ಅಂದ್. ಅಲ್ಲಿಂದ ದಿನಾ ಹಾಂಗೇ. ‘ಎಂತದೂ ತಾಗುದಿಲ್ಲ ಮಾರಾಯ್ತಿ, ಎಂತದೂ ತಾಗುದಿಲ್ಲ’ ಅಂದ್ಕಂಡ್. ಒಂದ್ ನಮೂನಿ ಹೆದ್ರಿದವ್ರ್ ಹಾಂಗೆ.”

ಅವರು ನನ್ನ ಮುಖ ನೋಡಿ, “ನೀ ಅವ್ರನ್ನ್ ಕಳ್ಳ ಅಂದ್ ಎಣ್ಸಿದ್ಯಾ ಮಗಾ?” ಎಂದು ಕೇಳಿದರು.

ಹೌದು, ಎಣಿಸಿದ್ದೆ. ಕಳ್ಳನಾಗಿದ್ದರೆ ನನಗೆ ಸುಲಭವಿತ್ತು. ಕಳ್ಳನಿಗೆ ಕೊನೆಯಪಕ್ಷ ನಿಜ ಯಾವುದೆಂದು ಗೊತ್ತಿರುತ್ತದೆ. ಈ ಮನುಷ್ಯ ಸಂಜೆ ಸಂಜೆ ತನ್ನ ಅಡಿಗೆಮನೆಯಲ್ಲಿ ನಿಂತು, ತನ್ನ ನಾಲಗೆಯ ಮೇಲೆ ತನಗೇ ಅನುಮಾನ ಬಂದು, ಆ ಅನುಮಾನವನ್ನು ಆ ನೀರಿನ ಜೊತೆಗೇ ನುಂಗುತ್ತಿದ್ದ. ಆದರೆ ಸ್ಕೂಟರು ನಿತ್ಯ ಹೋಗುತ್ತಿದ್ದದ್ದು ಮುತ್ತಕ್ಕನ ಮನೆಯ ಎದುರಿನಿಂದಲೇ. ಒಂದು ದಿನ ಇಳಿದು, “ಈ ನೀರು ಈಗ ಬೇಡ, ನನಗೆ ಸಂಶಯ ಬಂದಿದೆ” ಎಂದಿದ್ದರೆ ಸಾಕಿತ್ತು. ವಿಷ ಕುಡಿಯುವ ಧೈರ್ಯವಿತ್ತು, ಆ ಒಂದು ಮಾತಿಗೆ ಇರಲಿಲ್ಲ. ಇದಕ್ಕೆ ಮರುಗಬೇಕೋ ಉಗುಳಬೇಕೋ ನನಗೆ ಆ ಹೊತ್ತಿಗೆ ತಿಳಿಯಲಿಲ್ಲ, ಈಗಲೂ ಸರಿಯಾಗಿ ತಿಳಿದಿಲ್ಲ.

ಆಮೇಲೆ ಥಟ್ಟನೆ ಹೆದರಿಕೆಯಾಯಿತು. “ಅಮ್ಮಾ, ಹಾಗಾದರೆ ನೀವೂ ಕುಡಿದಿರಾ?”

“ನಾನಾ?” ಆ ಹೆಂಗಸು ಮೊದಲ ಸಲ ನಕ್ಕರು. “ಅವ್ರ್ ಕೊಟ್ಟದ್ದನ್ನೆಲ್ಲ ನುಂಗ್ಕಂಡ್ ಕೂತಿದ್ರೆ ನಾ ಇಷ್ಟ್ ವರ್ಷ ಬದ್ಕತಿದ್ನಾ? ನನ್ನ್ ಪಾಲಿಂದ್ ದಾಸಾಳ ಗಿಡದ್ ಬುಡಕ್ ಹೊಯ್ತಿದ್ದೆ. ಗಿಡ ಭಾರೀ ಹೂಗ್ ಬಿಡ್ತ್ ಕಾಣ್.”

“ಆ ಹೂವನ್ನು ದೇವರಿಗೆ ಇಡುತ್ತಿದ್ದಿರಾ?”

“ಛೆ! ಆ ಹೂಗ್ ದೇವ್ರಿಗ್ ಇಡುಕ್ ಆತ್ತಾ?” ಎಂದು, ಶಾಲುಗಳೂ ಸನ್ಮಾನದ ಫಲಕಗಳೂ ಒತ್ತೊತ್ತಾಗಿ ತುಂಬಿದ ಗೋಡೆಯ ಕಪಾಟಿನ ಕಡೆ ಗಲ್ಲ ಎತ್ತಿ ತೋರಿಸಿದರು. “ದಿನಾ ಬೆಳ್ಗೆ ಒಂದೊಂದ್ ಅದ್ರ್ ಮೇಲ್ ಇಡ್ತಿದ್ದೆ. ಅವ್ರಿಗ್ ಭಾರೀ ಖುಷಿ ಆತಿತ್ತ್.”